ಉಪ್ಪಿಲ್ಲದ ಎಡೆ

ಸತ್ತವರಿಗೆ ಹಸಿವಾದರೆ ಕನಸಿಗೆ ಬಂದು ಹೇಳುತ್ತಾರೆ. ಕೆರಿಯಾಕೂ ದ್ವೀಪದ ಪೆತೀ ಬೇ ಎಂಬ ಊರಿನಲ್ಲಿ ಈ ಮಾತನ್ನು ಅನುಮಾನಿಸುವವರಿಲ್ಲ. ಒಬ್ಬರು ಕೋಳಿ ಕೇಳುತ್ತಾರೆ, ಇನ್ನೊಬ್ಬರು ತೊಗರಿಕಾಳು ಕೇಳುತ್ತಾರೆ. ದೋಣಿ ಕಟ್ಟುತ್ತಿದ್ದ ಮುದುಕನೊಬ್ಬ ಸತ್ತು ಎಷ್ಟೋ ಕಾಲದ ಮೇಲೆ ಮಗನ ಕನಸಿಗೆ ಬಂದು ರಮ್ಮು ಮಾತ್ರ ಕೇಳಿ ಹೋದನೆಂದು ಇಂದಿಗೂ ನಗುವುದುಂಟು. ಕೇಳಿದ್ದನ್ನು ಬೇಯಿಸಿ ಎಡೆ ಇಡುವವರೆಗೆ ಅವರು ಬಿಡುವುದಿಲ್ಲ. ಆದರೆ ಡೆಲ್ಫೀನ್ ಕ್ವಾಶಿ ತನ್ನ ಮಗಳು ಇಸ್ಮೇಯ ಕನಸಿಗೆ ಬಂದಾಗ ಊಟ ಕೇಳಲಿಲ್ಲ.

ಆ ಕನಸನ್ನು ಊರಿನವರು ಬಗೆಬಗೆಯಾಗಿ ಹೇಳುತ್ತಾರೆ. ಬಿಳಿಯ ಲಂಗ ತೊಟ್ಟು ಬಂದಿದ್ದಳೆಂದು ಕೆಲವರು, ಬೆನ್ನು ತಿರುಗಿಸಿ ನಿಂತಿದ್ದಳೆಂದು ಕೆಲವರು. ಇಸ್ಮೇ ಕಂಡದ್ದು ಇಷ್ಟೇ: ಕಡಲದಂಡೆಯ ಕಾಡುಬಾದಾಮಿ ಮರದ ನೆರಳು ಮುಗಿದು ಬಿಸಿಲು ಮೊದಲಾಗುವ ಗೆರೆಯ ಹತ್ತಿರ, ಬಿಸಿಲಿನ ಕಡೆಗೆ, ತಾಯಿ ಬರಿಯ ತಟ್ಟೆ ಹಿಡಿದು ನಿಂತಿದ್ದಳು. ನೆರಳಿನೊಳಕ್ಕೆ ಕಾಲಿಡಲಿಲ್ಲ.

"ಹಡಗು ಹೋಯ್ತೇನೇ?" ಎಂದು ಕೇಳಿದಳು. "ಕೂತ್ಕೋಬಹುದಾ?"

ಆ ಮಾತು ಎಲ್ಲಿಂದ ಬಂತೆಂದು ಇಸ್ಮೇಗೆ ಚೆನ್ನಾಗಿ ಗೊತ್ತಿತ್ತು. ಅದು ಸತ್ತವಳ ಮಾತಲ್ಲ, ಬದುಕಿದ್ದವಳ ಮಾತು. ಆ ಮರದ ಬುಡದಲ್ಲಿ ಡೆಲ್ಫೀನಳದೊಂದು ಬೆಂಚು ಇತ್ತು. ಅವಳ ಗಂಡ ದೋಣಿ ಕಟ್ಟಿ ಉಳಿದ ಸೀಡರ್ ಹಲಗೆಯಲ್ಲಿ ಮಾಡಿಕೊಟ್ಟದ್ದು. ಮುಪ್ಪಿನಲ್ಲಿ ಅವಳ ದಿನಗಳೆಲ್ಲ ಅದರ ಮೇಲೆಯೇ ಕಳೆಯುತ್ತಿದ್ದವು. ಕೊಲ್ಲಿಯ ಬಾಯಲ್ಲಿ ಪ್ರವಾಸಿ ಹಡಗುಗಳು ಲಂಗರು ಹಾಕತೊಡಗಿದ ಮೇಲೆ ಇಸ್ಮೇ ಮರದ ಕೆಳಗೆ ಒರಗುಕುರ್ಚಿಗಳನ್ನು ಹಾಕಿ ಬಾಡಿಗೆಗೆ ಕೊಡತೊಡಗಿದಳು, ಪಕ್ಕದಲ್ಲಿ ತಗಡಿನ ಅಡಿಗೆಮನೆ ಎಬ್ಬಿಸಿದಳು, ಎರಡು ಮುಖದ ಬೆಲೆಹಲಗೆಯೊಂದನ್ನು ತೂಗುಹಾಕಿದಳು. ಒಂದು ಮುಖದಲ್ಲಿ ಊರಿನವರ ಬೆಲೆ. ತಿರುವಿದರೆ ಹಡಗಿನವರ ಬೆಲೆ. ಮೀನು ಅದೇ, ದೀವಿಹಲಸು ಅದೇ, ಹಲಗೆ ತಿರುಗಿದರೆ ಸಾಕು. ಹಲಗೆ ತಿರುಗಿದ ದಿನ ನೆರಳಿಗೂ ಬೆಲೆ ಬರುತ್ತಿತ್ತು.

"ಅಮ್ಮ, ಇವತ್ತು ಹಡಗಿದೆ, ಏಳು" ಎಂದರೆ ಡೆಲ್ಫೀನ್ ಏನೂ ಅನ್ನದೆ ಏಳುತ್ತಿದ್ದಳು. ಬೆಂಚು ಅಡಿಗೆಮನೆಯ ಹಿಂಭಾಗಕ್ಕೆ ಹೋಗುತ್ತಿತ್ತು. ಅಲ್ಲಿ ಮೇಲೆ ತಗಡಿನ ಕಾವು, ಪಕ್ಕದಲ್ಲಿ ಇದ್ದಿಲ ಒಲೆಯ ಕಾವು. ಕೊನೆಗಾಲದಲ್ಲಿ ಅವಳಿಗೆ ಕಣ್ಣು ಮಂಜಾಗಿ ಕಡಲಿನ ಕಡೆ ನೋಡಿದರೂ ಹಡಗು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ, ಕೂಗಿ ಕೇಳಬೇಕಾಗಿತ್ತು. ಗಿರಾಕಿಗಳ ನಡುವೆ ಇಸ್ಮೇ ಎಷ್ಟೋ ಸಲ ಓಗೊಡುತ್ತಿರಲಿಲ್ಲ. ಒಂದು ದಿನ ಹಡಗು ಹೊರಟು ಹೊತ್ತು ಇಳಿದರೂ ಹೇಳುವುದನ್ನು ಮರೆತು ಕುರ್ಚಿ ಮಡಚುತ್ತಿದ್ದಳು. ನೆನಪಾಗಿ ಹಿಂದಕ್ಕೆ ಹೋಗಿ ನೋಡಿದರೆ ತಾಯಿ ಬೆವರಿನಲ್ಲಿ ತೊಯ್ದು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕರೆ ಬರಲೆಂದು ಕುಳಿತೇ ಇದ್ದಳು. ಮುಂದಿನ ಹಡಗಿನ ಕಾಲ ಬರುವುದರೊಳಗೆ ಅವಳು ತೀರಿಕೊಂಡಳು.

ಎಡೆಯ ವಿಚಾರಗಳನ್ನು ಆ ಊರಿನಲ್ಲಿ ನಡೆಸಿಕೊಡುವವಳು ತಾಂತಿ ಫಿಲೋಮಿನ್. ತಾಂತಿ ಎಂದರೆ ಅತ್ತೆಯೂ ಹೌದು, ಚಿಕ್ಕಮ್ಮನೂ ಹೌದು. ಅವಳು ಎಲ್ಲರಿಗೂ ತಾಂತಿಯೇ. ಇಸ್ಮೇ ಅವಳ ಜಗುಲಿಗೆ ಹೋಗಿ ಕನಸಿನ ಸುದ್ದಿ ಹೇಳಿದಳು.

"ಏನ್ ಕೇಳಿದ್ಲು?" ತಾಂತಿ ತೊಗರಿಕಾಳು ಬಿಡಿಸುತ್ತಲೇ ಕೇಳಿದಳು.

"ಊಟ."

"ಊಟ ಅಂದ್ರೆ? ಡೆಲ್ಫೀನ್ ನಾಲಿಗೆ ನಂಗೊತ್ತಿಲ್ವಾ. ಬರೀ ಊಟ ಅಂತ ಕೇಳಿ ಸುಮ್ನಾಗೋಳಲ್ಲ ಅವಳು. ಕುರಿ ಮಾಂಸಾನಾ, ಕೋಳೀನಾ?"

"ತಟ್ಟೆ ಹಿಡ್ಕೊಂಡಿದ್ಲು, ತಾಂತಿ. ಬರೀ ತಟ್ಟೆ."

"ಬಾಯಿ ಬಿಟ್ಟು ಏನೂ ಅನ್ಲಿಲ್ವಾ?"

ಇಸ್ಮೇ ಮುಖ ಅತ್ತ ತಿರುಗಿಸಿದಳು. ಅಂಗಳದಲ್ಲಿ ಕೋಳಿಯೊಂದು ಮಣ್ಣು ಕೆದರುತ್ತಿತ್ತು. "ಇಲ್ಲ" ಎಂದಳು.

"ನೋಡು ಡೂಡೂ," ತಾಂತಿ ಮುದ್ದಿನ ಹೆಸರು ಹಿಡಿದು ಕರೆದಳು, ಆದರೆ ಕಣ್ಣು ಎತ್ತಲಿಲ್ಲ. "ಡಾಕ್ಟ್ರ ಹತ್ರ ಅರ್ಧ ಹೇಳಿದ್ರೆ ಅರ್ಧ ಗುಣ ಆಗ್ತದೆ. ಇವರ ಹತ್ರ ಅರ್ಧ ಹೇಳಿದ್ರೆ ಅದೂ ಆಗಲ್ಲ."

"ಇಷ್ಟೇ, ತಾಂತಿ."

ಹಡಗು ಬಾರದ ಶುಕ್ರವಾರವೊಂದನ್ನು ನೋಡಿ ಎಡೆಯ ದಿನ ಗೊತ್ತಾಯಿತು.

ಆ ದಿನದ ಕಟ್ಟಳೆಗಳು ಹೆಚ್ಚಿಲ್ಲ, ಆದರೆ ಗಟ್ಟಿ. ಊರೆಲ್ಲ ಸೇರಿ ಬಯಲಿನಲ್ಲಿ ಬೇಯಿಸಬೇಕು. ಬಂದವರು ಯಾರೇ ಆಗಲಿ ಬಡಿಸಬೇಕು, ಎಲ್ಲಿಯವನೆಂದು ಕೇಳಬಾರದು. ಆ ಅಡಿಗೆಗೆ ಬೆಲೆಯೆಂಬುದಿಲ್ಲ. ಜನರ ಪಾತ್ರೆಗಳಿಂದ ದೂರವಾಗಿ ಒಂದು ಮೀಸಲು ಪಾತ್ರೆ ಬೇಯುತ್ತದೆ. ಅದು ಸತ್ತವರದು, ಅದಕ್ಕೆ ಉಪ್ಪು ಹಾಕುವಂತಿಲ್ಲ. ಉಪ್ಪು ತಿಂದವರು ಹಗುರ ಕಳೆದುಕೊಳ್ಳುತ್ತಾರೆ, ಕಡಲು ದಾಟಿ ತಮ್ಮ ಪೂರ್ವಜರ ಊರಾದ ಗಿನಿಯ ನೆಲಕ್ಕೆ ಮರಳಲಾರರು ಎಂಬುದು ಹಿರಿಯರು ಕೊಡುವ ಕಾರಣ. ಸಂಜೆ ಆ ಪಾತ್ರೆಯಿಂದ ಮೊದಲ ಎಡೆ ತೆಗೆದು, ಬಿಳಿಯ ಬಟ್ಟೆ ಹಾಸಿದ ಮೇಜಿನ ಮೇಲಿಟ್ಟು ಬಾಗಿಲು ಮುಚ್ಚುತ್ತಾರೆ. ಕರೆಸಿಕೊಂಡವಳು ಒಬ್ಬಳೇ ಬರುವುದಿಲ್ಲ. ಅವಳ ತಾಯಿ, ಅಜ್ಜಿ, ಕಡಲಲ್ಲಿ ಹೋದ ತಮ್ಮಂದಿರು ಎಲ್ಲರೂ ಹಿಂದೆಯೇ ಬರುತ್ತಾರಾದ್ದರಿಂದ ಮೀಸಲು ಪಾತ್ರೆ ಚಿಕ್ಕದಾಗಿರುವುದಿಲ್ಲ. ತೃಪ್ತಿಯಾದರೆ ಬೆಳಗಿನ ಜಾವ ಕನಸಿನಲ್ಲಿ ಬಂದು ಕೈತೊಳೆಯುತ್ತಾರೆ. ಆ ಕೈತೊಳೆಯುವುದನ್ನು ಕಂಡವರಿಗೆ ಮತ್ತೆ ಭಯವಿಲ್ಲ.

ಶುಕ್ರವಾರ ಬೆಳಿಗ್ಗೆ ಹೆಂಗಸರು ಬಾದಾಮಿ ಮರದ ಕೆಳಗೆ ಒಲೆ ಹೂಡಿದರು. ಕುರಿ ಮಾಂಸ ಒಂದು ಕಡೆ, ತೊಗರಿಕಾಳು ಒಂದು ಕಡೆ. ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಕೂಕೂ ಗೊಟಾಯಿಸಲು ಹುಟ್ಟಿನಂಥ ಮರದ ಸೌಟು. ತೊಗರಿಕಾಳು ಬೆರೆಸಿದ ಕೂಕೂವಿಗೆಂದು ಇಸ್ಮೇ ತನ್ನ ಕೈಯಾರೆ ಮೀಸಲು ಪಾತ್ರೆಗೆ ನೀರು ಹೊಯ್ದಳು. ತಾಯಿಯ ಮುಂದೆ ನಿಂತು ಹೇಳಲಾಗದ ಮಾತನ್ನು ಈ ಪಾತ್ರೆಯಾದರೂ ಹೇಳೀತು ಎಂದು ಅವಳ ಎಣಿಕೆ. ಆಗ ಅವಳ ದಾಯಾದಿ ಗಾರ್ನೆಟ್ ದಂಡೆಯ ತುದಿಯಿಂದ ಓಡಿಬಂದ. ಕುರ್ಚಿ ಕೊಡೆಗಳ ಕೆಲಸ ಅವನದು.

"ಬಾಸ್, ಆ ಕಡೆ ನೋಡಿ. ನಿಮ್ಮಮ್ಮ ಎಡೆಗೆ ಹಡಗನ್ನೇ ಕರ್ಕೊಂಡ್ ಬಂದಿದಾರೆ."

ಕೊಲ್ಲಿಯ ಬಾಯಲ್ಲಿ ಬಿಳಿಯ ಹಡಗೊಂದು ಬಂದು ನಿಂತಿತ್ತು. ದೊಡ್ಡ ದ್ವೀಪದ ಹಡಗುಕಟ್ಟೆಯಲ್ಲಿ ಅಲೆ ಎದ್ದು ಹತ್ತಿರ ಹೋಗಲಾಗದೆ ಇತ್ತ ತಿರುಗಿಸಿದ್ದರು. ಸಣ್ಣ ದೋಣಿಗಳು ಆಗಲೇ ಇಳಿಯುತ್ತಿದ್ದವು.

ಇಸ್ಮೇ ತಾಂತಿಯ ಮುಖ ನೋಡಿದಳು.

"ನನ್ನೇನ್ ನೋಡ್ತೀಯ?" ಎಂದಳು ತಾಂತಿ. "ಕುರ್ಚಿ ನಿಂದು, ಕೊಟ್ಕೋ. ಮಡಕೆ ನಿಂದಲ್ಲ."

"ಅಷ್ಟೇ ತಾಂತಿ. ಕುರ್ಚಿ ಮಾತ್ರ."

"ಗಾಳಿ ಬಂದಾಗ ತೂರ್ಕೋಬೇಕು" ಎಂದು ಗಾರ್ನೆಟ್ ಕೊಡೆಗಳ ಕಟ್ಟು ಬಿಚ್ಚತೊಡಗಿದ. "ಆದ್ರೆ ಈ ಹೊಗೆ? ಒಂದು ಕುರ್ಚಿಗೆ ದುಡ್ಡು ಕೊಟ್ಟು ಯಾರಾದ್ರೂ ಹೊಗೇಲಿ ಮಲಗ್ತಾರಾ?"

ಮಾತು ನಿಜವಾಗಿತ್ತು. ಒಲೆಗಳು ಅಡಿಗೆಮನೆಯ ಹಿಂದಕ್ಕೆ ಹೋದವು. ತಗಡಿನ ಕೆಳಗೆ, ಹಳೆಯ ಐಸಿನ ಪೆಟ್ಟಿಗೆಯ ಪಕ್ಕದಲ್ಲಿ, ಡೆಲ್ಫೀನಳ ಬೆಂಚು ಇನ್ನೂ ಇತ್ತು. ಮತ್ತೆ ಒಲೆ ಹೂಡುವವರೆಗೆ ಮೀಸಲು ಪಾತ್ರೆಯನ್ನು ಅದರ ಮೇಲಿಟ್ಟರು. ಹೊತ್ತು ತಂದ ಹೆಂಗಸೊಬ್ಬಳು ಸೆರಗಿನಂತೆ ಕಟ್ಟಿಕೊಂಡ ಬಟ್ಟೆಯಲ್ಲಿ ಮುಖ ಒರೆಸಿಕೊಂಡು, "ಅಯ್ಯಪ್ಪ, ಇಲ್ಲಿ ಮನುಷ್ಯರು ಕೂರೋಕಾಗ್ತದಾ" ಎಂದಳು. ಇಸ್ಮೇ ಕೇಳಿಸದವಳಂತೆ ಮುಂದಕ್ಕೆ ಬಂದು ಬೆಲೆಹಲಗೆಯನ್ನು ತಿರುವಿದಳು.

ಅಡಿಗೆ ಬೆಂದ ಮೇಲೆ ಗೋರಿಗೆ ಹೋಗಿ ನೀರು, ರಮ್ಮು ಚಿಮುಕಿಸಿ ಕರೆದುಬರಬೇಕು. ಕರೆಯುವವಳು ಮಗಳು. ತಾಂತಿ ಜನರ ಪಾತ್ರೆಗಳ ಬಾಯಿಗೆ ಬಟ್ಟೆ ಬಿಗಿದು ಗಂಟು ಹಾಕಿದಳು. ಮರಳಿ ಬಂದು ಅವಳೇ ಬಿಚ್ಚುವುದು ವಾಡಿಕೆ. ಬೆಂದ ಮೀಸಲು ಪಾತ್ರೆ ಮತ್ತೆ ಬೆಂಚಿನ ಮೇಲೆ, ಅದಕ್ಕೆ ಬರಿಯ ಮುಚ್ಚಳ. ಅದನ್ನು ಮುಟ್ಟುವವರು ಆ ಊರಿನಲ್ಲಿ ಇರಲಿಲ್ಲ.

"ನಡಿ ಇಸ್ಮೇ."

"ನೀವು ನಡೀತಾ ಇರಿ ತಾಂತಿ. ಈ ಸಾಲಿಗೆ ಕುರ್ಚಿ ಹಾಕ್ಸಿ ಹಿಂದೇನೇ ಬಂದೆ."

ತಾಂತಿ ಹೆಂಗಸರನ್ನು ಗೋರಿಯ ಕಡೆಗೆ ಕರೆದುಕೊಂಡು ದಿನ್ನೆ ಹತ್ತಿದಳು.

ದಂಡೆ ತುಂಬಿಕೊಂಡಿತು. ಬಂದವರು ಮೊದಲು ನೆರಳು ಕೇಳಿದರು, ನೆರಳು ಸಿಕ್ಕಿದ ಮೇಲೆ ಮೆತ್ತನೆಯ ಕುರ್ಚಿ ಕೇಳಿದರು, ಮೆತ್ತನೆಯ ಕುರ್ಚಿ ಸಿಕ್ಕಿದವರಿಗೆ ಹಸಿವಾಯಿತು. ಹಡಗಿನ ದಿನವಲ್ಲವೆಂದು ಇಸ್ಮೇ ಮೀನು ಕೊಂಡಿರಲಿಲ್ಲ. ಮನೆಗೆಂದು ಇಟ್ಟಿದ್ದ ನಾಲ್ಕಾರು ಮಾತ್ರ ಇದ್ದವು. ಕೆಂಪಗೆ ಸುಟ್ಟ ಬೆನ್ನಿನ ಗಂಡಸೊಬ್ಬ ಹಲಗೆ ಓದಿ ನಕ್ಕ.

"ಒಂದು ಮೀನಿಗೆ ಇಪ್ಪತ್ತೈದು ಡಾಲರಾ? ಹಡಗಲ್ಲಿ ಊಟ ಪುಕ್ಕಟೆ ಇದೆಯಪ್ಪ."

"ಹಡಗಿನ ಮೀನು ಪೆಟ್ಟಿಗೆಯಿಂದ ಬರ್ತದೆ ಸರ್," ಎಂದ ಗಾರ್ನೆಟ್. "ಇದು ಬೆಳಿಗ್ಗೆ ನನ್ ಜೊತೆ ಜಗಳ ಆಡಿ ಬಂದಿದೆ. ಜಗಳದ ಖರ್ಚು ಬೇರೆ."

ಗಂಡಸು ನಗುತ್ತ ಕೊಂಡ. ಮೀನು ಮುಗಿದವು. ಅಷ್ಟರಲ್ಲಿ ಗಾಳಿ ಹಿಂದಿನಿಂದ ಬೀಸಿತು. ಕುರಿ ಮಾಂಸದ, ತೊಗರಿಯ, ಬೆಂದ ಜೋಳದ ವಾಸನೆ ಕುರ್ಚಿಗಳ ಮೇಲೆ ಹರಡಿತು. ಮುಂದಿನ ಸಾಲಿನಲ್ಲಿ ಹುಲ್ಲಿನ ಟೊಪ್ಪಿಯ ಮುದುಕಿಯೊಬ್ಬಳು ಮೂಗೆತ್ತಿ, "ಅದೇನದು, ಹಿಂದೆ ಬೇಯ್ತಿರೋದು?" ಎಂದು ಕೇಳಿದಳು. "ಒಂದು ತಟ್ಟೆ ಎಷ್ಟು?"

ಬೆಲೆಯಿಲ್ಲ ಎಂದು ಹೇಳಲು ಒಂದು ಉಸಿರಿನ ಸಮಯ ಸಾಕಾಗಿತ್ತು. ಬೆಲೆಯಿಲ್ಲ, ಬನ್ನಿ, ತಾಂತಿ ಬಂದ ಮೇಲೆ ಎಲ್ಲರಿಗೂ ಬಡಿಸುತ್ತೇವೆ ಎಂದಿದ್ದರೆ ಅದು ಕಟ್ಟಳೆಯ ಮಾತೇ ಆಗುತ್ತಿತ್ತು. ಆದರೆ ಎಷ್ಟು ಎಂದು ಕೇಳಿದವರಿಗೆ ಎಷ್ಟೆಂದು ಹೇಳಿ ಹೇಳಿ ಪಳಗಿದ ನಾಲಿಗೆ ಅವಳದು. "ಹದಿನೆಂಟು" ಎಂದಿತು. ಅಂದದ್ದು ತನ್ನ ಕಿವಿಗೆ ಬಿದ್ದಾಗ ಇಸ್ಮೇ ಬೆಚ್ಚಿದಳು. ಬೆಚ್ಚಿದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪಕ್ಕದ ಕುರ್ಚಿಯವರೂ ಕೈಯೆತ್ತಿದರು.

ಅಡಿಗೆಮನೆಯ ಹಿಂದೆ ಯಾರೂ ಇರಲಿಲ್ಲ. ತಾಂತಿಯ ಗಂಟುಗಳನ್ನು ಬಿಚ್ಚಿದರೆ ಬಂದ ಕೂಡಲೇ ತಿಳಿಯುತ್ತದೆ. ಇಸ್ಮೇ ಬೆಂಚಿನ ಮೇಲಿನ ಪಾತ್ರೆಯ ಮುಚ್ಚಳ ತೆಗೆದಳು. ಒಂದು ಮೂಲೆಯಿಂದ ತೆಗೆದರೆ ಮಟ್ಟ ಮಾಡಿಬಿಡಬಹುದು ಎನಿಸಿತು. ಸತ್ತವರು ತಿನ್ನುವುದು ಆವಿಯನ್ನು, ಅನ್ನವನ್ನಲ್ಲ ಎಂದು ಯಾರೋ ಹೇಳಿದ್ದು ನೆನಪಾಯಿತು. ಬೇಕಾದಾಗ ಬೇಕಾದ ಮಾತು ನೆನಪಾಗುವುದೂ ಒಂದು ಪಾಪವೇ. ಒಂದು ತಟ್ಟೆಯಾಯಿತು, ಮತ್ತೊಂದಾಯಿತು. ಮಟ್ಟ ಮಾಡಿದ ಮೇಲೆ ಪಾತ್ರೆ ಮತ್ತೆ ತುಂಬಿದಂತೆಯೇ ಕಾಣುತ್ತಿದ್ದುದರಿಂದ ಇನ್ನೂ ಒಂದಾಯಿತು. ಆಮೇಲೆ ಮಟ್ಟ ಮಾಡುವುದನ್ನೂ ಬಿಟ್ಟಳು.

ಮುಂದಿದ್ದವರು ಬಾಟಲಿಯ ಮೆಣಸಿನ ಗೊಜ್ಜು ಸುರಿದುಕೊಂಡು ತಿಂದರು. ಅದರಲ್ಲಿ ಉಪ್ಪಿತ್ತು, ಅವರಿಗೆ ಏನೂ ತಿಳಿಯಲಿಲ್ಲ. ಇಸ್ಮೇ ಖಾಲಿಯಾಗುತ್ತ ಬಂದ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಿದ್ದಾಗ ಹಿಂದೆ ಮರಳು ಸರಿದ ಸದ್ದಾಯಿತು.

ಹುಲ್ಲಿನ ಟೊಪ್ಪಿಯ ಮುದುಕಿ ತಗಡಿನ ನೆರಳು ಮುಗಿಯುವ ಗೆರೆಯ ಆಚೆ, ಬಿಸಿಲಿನಲ್ಲಿ, ತಟ್ಟೆ ಹಿಡಿದು ನಿಂತಿದ್ದಳು.

"ಬೇಜಾರು ಮಾಡ್ಕೋಬೇಡಿ," ಎಂದಳು. "ಇದಕ್ಕೆ ಉಪ್ಪೇ ಹಾಕಿಲ್ಲ. ಒಂಚೂರು ಇದ್ರೆ ಕೊಡಿ. ಎದ್ದು ಬರೋಷ್ಟರಲ್ಲಿ ನಿಮ್ಮ ಹುಡುಗ ನನ್ನ ಕುರ್ಚಿ ಬೇರೆಯವರಿಗೆ ಕೊಟ್ಬಿಟ್ಟ." ಒಲೆಯ ಕಡೆಗೂ ಬೆಂಚಿನ ಕಡೆಗೂ ನೋಡಿದಳು. ಕಾಲು ನೋಯುತ್ತಿತ್ತೆಂದು ತೋರುತ್ತದೆ. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದಳು. "ಇಲ್ಲಿ ಕೂತ್ಕೋಬಹುದಾ?"

ಇಸ್ಮೇಯ ಕೈ ಉಪ್ಪಿನ ಡಬ್ಬಿಯ ಕಡೆಗೆ ಹೋಗಿತ್ತು. ಅಲ್ಲಿಯೇ ನಿಂತಿತು. ಆಮೇಲೆ ಅವಳು ಪಾತ್ರೆಯನ್ನು ನೆಲಕ್ಕಿಳಿಸಿ, ಬೆಂಚನ್ನು ಎರಡೂ ಕೈಯಿಂದ ಎತ್ತಿ, ಮುದುಕಿಯನ್ನು ಹಿಂದೆ ಬರುವಂತೆ ಕರೆದು, ಕುರ್ಚಿಗಳ ನಡುವೆ ನುಗ್ಗಿ ನಡೆದಳು. ಬಾದಾಮಿ ಮರದ ಬುಡದಲ್ಲಿ ಜೋಡಿಯೊಂದು ಮಲಗಿತ್ತು.

"ದಯವಿಟ್ಟು ಸ್ವಲ್ಪ ಆ ಕಡೆಗೆ ಸರೀರಿ."

"ನಾವು ದುಡ್ಡು ಕೊಟ್ಟಿದೀವಿ" ಎಂದ ಜೋಡಿಯ ಗಂಡಸು.

"ಅದನ್ನ ವಾಪಸ್ ತಗೊಳ್ಳಿ. ಈ ಜಾಗ ಬಾಡಿಗೆಗಿಲ್ಲ."

"ಬಾಸ್," ಎಂದು ಗಾರ್ನೆಟ್ ಹತ್ತಿರ ಬಂದ, "ಬಿಸಿಲು ತಲೆಗೇರ್ತಾ? ಇಡೀ ದಂಡೇಲಿ ಒಳ್ಳೇ ಬಾಡಿಗೆ ಹುಟ್ಟೋ ಜಾಗ ಅಂದ್ರೆ ಇದೊಂದೇ."

ಇಸ್ಮೇ ಬೆಂಚನ್ನು ಹಳೆಯ ಗುರುತಿನ ಮೇಲೆ ಇಟ್ಟಳು. ಬೆಂಚಿನ ಕಾಲು ಊರಿದ್ದ ಕಡೆ ನೆಲ ಇನ್ನೂ ತಗ್ಗಾಗಿತ್ತು. ಮುದುಕಿ ಕುಳಿತು ನಿಟ್ಟುಸಿರು ಬಿಟ್ಟಳು.

"ಇದಕ್ಕೆ ಉಪ್ಪು ಹಾಕೋ ಹಾಗಿಲ್ಲ," ಎಂದಳು ಇಸ್ಮೇ. "ಮಾರೋ ಹಾಗೂ ಇಲ್ಲ. ನಿಮ್ಮ ದುಡ್ಡು ತಗೊಳ್ಳಿ. ಇದು ಅಮ್ಮನ ಅಡಿಗೆ."

"ಅಮ್ಮ ಮಾಡಿದ್ದಾ?"

"ಅಮ್ಮನಿಗೆ ಮಾಡಿದ್ದು."

ಮುದುಕಿ ತಟ್ಟೆ ನೋಡಿದಳು, ಇಸ್ಮೇಯನ್ನು ನೋಡಿದಳು. "ಅವರ ಊಟ ಆಯ್ತಾ?"

ಇಸ್ಮೇ ಮುಖ ತಿರುಗಿಸಿಕೊಂಡು ಉಳಿದವರ ಹತ್ತಿರ ಹೋದಳು.

ಕೆಟ್ಟದ್ದನ್ನು ಸರಿಮಾಡಲು ಹೋಗಿ ಇನ್ನಷ್ಟು ಕೆಡಿಸಿದಳೆಂದು ಊರಿನವರು ಹೇಳುವುದು ಇಲ್ಲಿಯ ಮಾತನ್ನೇ. ಅವಳು ಕುರ್ಚಿಯಿಂದ ಕುರ್ಚಿಗೆ ಹೋಗಿ ತಿನ್ನುತ್ತಿದ್ದವರಿಗೆ ಹಣ ಹಿಂದಕ್ಕೆ ಕೊಡತೊಡಗಿದಳು. ಕೇಳದೆ ಹಣ ಹಿಂದಿರುಗಿಸುವ ಅಂಗಡಿಯನ್ನು ಅವರು ಎಲ್ಲಿಯೂ ಕಂಡಿರಲಿಲ್ಲ.

"ಯಾಕೆ? ಏನಾಗಿದೆ ಇದಕ್ಕೆ?" ಎಂದು ಕೆಂಪು ಬೆನ್ನಿನವನು ಚಮಚ ಕೆಳಗಿಟ್ಟ.

"ಏನೂ ಆಗಿಲ್ಲ ಸರ್. ತಿನ್ನಿ. ಇದಕ್ಕೆ ಬೆಲೆ ತಗೋಬಾರ್ದಿತ್ತು, ತಗೊಂಡೆ."

"ಬೆಲೆ ತಗೋಬಾರ್ದಷ್ಟು ಕೆಟ್ಟಿದೆಯಾ?"

"ಹಾಗಲ್ಲ, ಇದು ನಮ್ಮ ಸತ್ತವರದ್ದು."

ಆ ಮಾತು ಆಡಬಾರದಾಗಿತ್ತು. ಒಬ್ಬಳು ಬಾಯಲ್ಲಿದ್ದದ್ದನ್ನು ಬಟ್ಟೆಗೆ ಉಗುಳಿದಳು. ಇನ್ನೊಬ್ಬಳು ಹೊಟ್ಟೆ ಮುಟ್ಟಿಕೊಂಡು ಈಗಲೇ ತೊಳಸುತ್ತಿದೆ ಎಂದಳು. ಹಡಗಿನ ವೈದ್ಯರಿಗೆ ತೋರಿಸಬೇಕೆಂದು ಎದ್ದವರನ್ನು ನೋಡಿ ತಿಂದಿರದವರೂ ಎದ್ದರು.

"ತಿಂದೋರಿಗೆ ದುಡ್ಡು ವಾಪಸ್ ಕೊಟ್ರೆ ವಾಂತಿ ಮಾಡ್ಕೊಳ್ದೆ ಇನ್ನೇನ್ ಮಾಡ್ತಾರೆ?" ಎಂದು ಗಾರ್ನೆಟ್ ತಲೆ ಹಿಡಿದುಕೊಂಡ. ತಟ್ಟೆಗಳು ಒಂದರ ಹಿಂದೆ ಒಂದು ಕಸದ ಪೀಪಾಯಿಗೆ ಬಿದ್ದವು. ಡೆಲ್ಫೀನಳ ಕೂಕೂ, ಡೆಲ್ಫೀನಳ ತೊಗರಿ, ಬಿಯರಿನ ಡಬ್ಬಿಗಳ ಮೇಲೆ, ಸುಟ್ಟ ಮೀನಿನ ಮುಳ್ಳುಗಳ ಮೇಲೆ. ನೊಣ ಕೂರತೊಡಗಿದವು. ಇಸ್ಮೇ ಪೀಪಾಯಿಯ ಅಂಚು ಹಿಡಿದು ನಿಂತಳು. ಮಾರಿದಾಗಲಾದರೂ ಅದು ಅನ್ನವಾಗಿತ್ತು ಎಂಬ ಯೋಚನೆ ಅವಳಿಗೆ ಬಂದು, ಬಂದದ್ದಕ್ಕೇ ನಾಚಿಕೆಯಾಯಿತು.

ತಾಂತಿ ಫಿಲೋಮಿನ್ ದಿನ್ನೆ ಇಳಿದು ಬಂದು ಮೊದಲು ಕಂಡದ್ದು ಆ ಪೀಪಾಯಿಯನ್ನು. ಬೆರಳು ಚಾಚಿ ಮೇಲಿನ ತಟ್ಟೆಯಿಂದ ಗೊಜ್ಜು ತಾಗದ ಒಂದು ಚೂರು ತೆಗೆದು ನಾಲಿಗೆಗೆ ಮುಟ್ಟಿಸಿದಳು. ಉಪ್ಪಿಲ್ಲ.

"ಅಷ್ಟು ಹೊತ್ತು ಗೋರಿ ಹತ್ರ ನಿನ್ನ ಕಾದ್ವಿ," ಎಂದಳು ತಾಂತಿ. ದನಿ ಏರಿರಲಿಲ್ಲ. "ನಾನೇ ಕರ್ದೆ. ಬಾ ಡೆಲ್ಫೀನ್, ನಿನ್ನ ಮಗಳು ಎಡೆ ಮಾಡಿದಾಳೆ ಅಂತ ಹೇಳಿ ಕರ್ಕೊಂಡ್ ಬಂದೆ."

"ತಾಂತಿ."

"ಬಂದೋರು ತಿಂದ್ರು, ಅದು ತಪ್ಪಲ್ಲ. ಹಡಗಿನೋರಾದ್ರೇನು, ಹೊಟ್ಟೆ ಹೊಟ್ಟೇನೇ. ನೀನು ನಡುವೆ ಬೆಲೆ ತಂದಿಟ್ಟೆ. ಬೆಲೆ ಇಟ್ಟ ಮೇಲೆ ಅದು ಎಡೆ ಅಲ್ಲ, ಮಾಲು. ಮಾಲು ಆದ್ಮೇಲೆ ಕಸಾನೂ ಆಗ್ತದೆ." ಆಗ ಅವಳ ಕಣ್ಣು ಮರದ ಬುಡಕ್ಕೆ ಹೋಯಿತು. "ಅದ್ಯಾರು, ಡೆಲ್ಫೀನ್ ಬೆಂಚಿನ ಮೇಲೆ?"

ಹುಲ್ಲಿನ ಟೊಪ್ಪಿಯವಳು ಮಾತ್ರ ಎದ್ದಿರಲಿಲ್ಲ. ನಿಧಾನವಾಗಿ, ತುತ್ತು ತುತ್ತಾಗಿ, ಉಪ್ಪಿಲ್ಲದ ಕೂಕೂವನ್ನು ತಿನ್ನುತ್ತಿದ್ದಳು.

"ಕೂತ್ಕೋಬಹುದಾ ಅಂತ ಕೇಳಿದ್ಲು," ಎಂದಳು ಇಸ್ಮೇ. ಅಲ್ಲಿಗೆ ತಡೆಯಲಾಗಲಿಲ್ಲ. "ಅಮ್ಮನೂ ಅದನ್ನೇ ಕೇಳಿದ್ದು ತಾಂತಿ. ಕನಸಲ್ಲಿ ಊಟ ಕೇಳ್ಲಿಲ್ಲ. ಹಡಗು ಹೋಯ್ತಾ, ಕೂತ್ಕೋಬಹುದಾ ಅಂದ್ಲು. ಇದ್ದಾಗಲೂ ಹಂಗೇ ಕೇಳ್ತಿದ್ಲು. ನಾನು ಎಷ್ಟೋ ಸಲ ಉತ್ತರಾನೂ ಕೊಡ್ತಿರ್ಲಿಲ್ಲ."

ತಾಂತಿ ತಲೆಯ ಬಟ್ಟೆಯನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡಳು.

"ಹಂಗಾದ್ರೆ ಊರೆಲ್ಲ ಸೇರಿ ಬೇಯ್ಸಿದ್ದೇ ಬೇರೆ, ಅವಳು ಕೇಳಿದ್ದೇ ಬೇರೆ."

"ಮತ್ತೆ ಮಾಡೋಣ. ಇನ್ನೊಂದು ದಿನ ನೋಡಿ ಹೇಳಿ, ಬೇಕಾದ್ರೆ ಕುರಿ ನಾನೇ..."

"ಕೇಳದೇ ಇಡೋ ಹಾಗಿಲ್ಲ. ಅವಳು ಮತ್ತೆ ಬಂದು ಕೇಳ್ಬೇಕು. ಕೇಳ್ತಾಳೋ ಇಲ್ವೋ, ಅದು ಅವಳಿಗೆ ಬಿಟ್ಟದ್ದು."

ತಾಂತಿ ಗಂಟು ಬಿಚ್ಚಿದಳು; ಜನರು ಜನರ ಪಾತ್ರೆಯಿಂದ ಉಂಡರು. ಮುದುಕಿ ಕೊನೆಯ ದೋಣಿಯಲ್ಲಿ ಹೊರಟಳು. ಹೊರಡುವಾಗ ತೊಳೆದ ತಟ್ಟೆಯನ್ನು ಬೆಂಚಿನ ಮೇಲಿಟ್ಟು, "ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳಿ" ಎಂದಳು. ಆ ಮುದುಕಿಯೇ ಡೆಲ್ಫೀನ್ ಎಂದು ಕಥೆ ಮುಗಿಸುವವರೂ ಊರಿನಲ್ಲಿ ಇದ್ದಾರೆ. ಇಸ್ಮೇ ಹಾಗೆ ಹೇಳುವುದಿಲ್ಲ. ಆ ಮುದುಕಿ ದೋಣಿ ಹತ್ತುವಾಗ ಗಾರ್ನೆಟ್ ಕೈಹಿಡಿದು ಹತ್ತಿಸಿದ್ದನ್ನು, ಟೊಪ್ಪಿ ಹಾರೀತೆಂದು ಒತ್ತಿ ಹಿಡಿದುಕೊಂಡದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. ತಾಯಿಯೇ ಬಂದು ಉಂಡು ಹೋದಳೆಂದುಕೊಂಡರೆ ತನಗೆ ಹಗುರವಾಗುತ್ತದೆ. ಹಗುರವಾಗುತ್ತದೆಂಬ ಕಾರಣಕ್ಕೇ ಹಾಗೆ ಅಂದುಕೊಳ್ಳುವುದಿಲ್ಲ.

ಸಂಜೆ ಬಿಳಿಯ ಬಟ್ಟೆ ಹಾಸಿದ ಮೇಜಿನ ಮೇಲೆ ಪಾತ್ರೆಯ ತಳ ಕೆರೆದು ತೆಗೆದ ಎಡೆ ಇತ್ತು. ಮುಂಜಾನೆ ಅದು ಇದ್ದ ಹಾಗೆಯೇ ಇತ್ತು. ಅದೇನೂ ಹೊಸದಲ್ಲ, ಯಾವಾಗಲೂ ಇರುವುದು ಹಾಗೆಯೇ. ಆದರೆ ಇಸ್ಮೇಯ ನಿದ್ದೆಗೆ ಯಾರೂ ಕೈತೊಳೆಯಲು ಬರಲಿಲ್ಲ. ಕೋಪ ಮಾಡಿಕೊಂಡು ಬರಲಿಲ್ಲ, ಬರಿಯ ತಟ್ಟೆ ಹಿಡಿದೂ ಬರಲಿಲ್ಲ. ದಾರಿಯಲ್ಲಿ ತಾಂತಿ ಎದುರಾದಾಗಲೆಲ್ಲ ಹುಬ್ಬೆತ್ತಿ ಕೇಳುತ್ತಿದ್ದಳು, ಇಸ್ಮೇ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಬರಬರುತ್ತ ತಾಂತಿ ಹುಬ್ಬೆತ್ತುವುದನ್ನು ಬಿಟ್ಟಳು.

ಮತ್ತೆ ಹಡಗಿನ ಕಾಲ ಬಂತು. ಇಸ್ಮೇ ದಂಡೆಯ ಕೆಲಸ ಬಿಡಲಿಲ್ಲ. ಬಿಟ್ಟರೆ ಹೊಟ್ಟೆಗೆ ದಾರಿಯಿರಲಿಲ್ಲ. ಹಲಗೆ ತಿರುಗುತ್ತದೆ, ಮೀನಿಗೆ ಬೆಲೆ ಏರುತ್ತದೆ, ಹಡಗಿನವರು ಚೌಕಾಸಿ ಮಾಡುತ್ತಾರೆ. ಬೆಂಚು ಮಾತ್ರ ಮರದ ಬುಡದ ತಗ್ಗುಗಳಲ್ಲಿ ಕಾಲೂರಿ ನಿಂತಿದೆ. ಇಡೀ ದಂಡೆಯಲ್ಲಿ ಗಾಳಿಯೂ ನೆರಳೂ ಕೂಡಿ ಸಿಗುವ ಜಾಗ ಅದೊಂದೇ ಆದ್ದರಿಂದ, ದೋಣಿಯಿಂದ ಇಳಿದವರು ಮೊದಲು ಅದರ ಕಡೆಗೇ ನಡೆಯುತ್ತಾರೆ.

"ಆ ಜಾಗ ಎಷ್ಟು?" ಎಂದು ಕೇಳುತ್ತಾರೆ.

"ಅಲ್ಲಿ ಬೇರೆಯವರಿದಾರೆ" ಎನ್ನುತ್ತಾನೆ ಗಾರ್ನೆಟ್. ಮೊದಮೊದಲು ನಗುತ್ತ ಹೇಳುತ್ತಿದ್ದ, ಈಗ ನಗುವುದಿಲ್ಲ.

"ಯಾರೂ ಕಾಣ್ತಿಲ್ವಲ್ಲ. ಎರಡರಷ್ಟು ಕೊಡ್ತೀವಿ."

"ನಮ್ಮ ಬಾಸ್‌ನ ಕೇಳಿ ಬೇಕಾದ್ರೆ."

ಅವರು ಇಸ್ಮೇಯ ಕಡೆ ನೋಡುವ ಹೊತ್ತಿಗೆ ಅವಳು ಒಲೆಯ ಮುಂದಿನಿಂದ ಎದ್ದು ಬಂದಿರುತ್ತಾಳೆ. ಸೆಕೆಗೆ ಮುಖ ಬೆವತಿರುತ್ತದೆ. ಬೆಂಚಿನ ಮೇಲೆ ಬಿದ್ದ ಬಾದಾಮಿ ಎಲೆಗಳನ್ನು ಅಂಗೈಯಿಂದ ಸವರಿ ತೆಗೆಯುತ್ತಾಳೆ. ಕೊಲ್ಲಿಯ ಬಾಯಲ್ಲಿ ನಿಂತ ಬಿಳಿಯ ಹಡಗನ್ನು ಒಮ್ಮೆ ನೋಡುತ್ತಾಳೆ. ಕಣ್ಣು ಮಂಜಾದವರಿಗೆ ಹೇಳುವಂತೆ ಬಿಡಿಸಿ ಹೇಳುತ್ತಾಳೆ:

"ಹಡಗು ಇನ್ನೂ ಇಲ್ಲೇ ಇದೆ ಅಮ್ಮ. ನೀನು ಕೂತ್ಕೋ."